ಪಾಟಿ ಕೊಳ್ಳುವ ಮೊದಲು ಟೇಪು ಹಿಡಿಯಿರಿ

ಮಕ್ಕಳ ಆರೋಗ್ಯ: ಓದುಗರ ಪ್ರಶ್ನೆಗಳಿಗೆ ಮಕ್ಕಳ ವೈದ್ಯೆಯ ಉತ್ತರ

ಡೈಪರ್‌ನಿಂದಾಗುವ ದದ್ದುಗಳ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದ ಮೇಲೆ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತನ್ನು ಕೇಳಿವೆ: ಡೈಪರ್ ಬಿಡಿಸಿ ಮಗುವಿಗೆ ಶೌಚದ ಅಭ್ಯಾಸ ಮಾಡಿಸಲು ಏನೇನು ಕೊಳ್ಳಬೇಕು? ಈ ಸಲದ ಪುಟಗಳನ್ನು ಪೂರ್ತಿಯಾಗಿ ಅದಕ್ಕೇ ಕೊಟ್ಟಿದ್ದೇನೆ. ಇಲ್ಲಿ ಪಾಟಿ ಎಂದರೆ ಮಗು ಕುಳಿತು ಶೌಚ ಮಾಡುವ, ಒಳಗೆ ಬಟ್ಟಲಿರುವ ಪುಟ್ಟ ಆಸನ.

ಪ್ರಶ್ನೆ: ನನ್ನ ಮಗಳಿಗೆ ಈಗ 22 ತಿಂಗಳು. ಮನೆಯೊಳಗೆ ವೆಸ್ಟರ್ನ್ ಕಮೋಡ್ ಇದೆ, ಹಿತ್ತಲ ಕಡೆ ಇಂಡಿಯನ್ ಶೌಚಾಲಯವಿದೆ. ಬೆಂಗಳೂರಿನಲ್ಲಿರುವ ನನ್ನ ನಾದಿನಿ ಕೊಳ್ಳಬೇಕಾದ ಸಾಮಾನುಗಳ ದೊಡ್ಡ ಪಟ್ಟಿಯನ್ನೇ ಮೊಬೈಲಿಗೆ ಕಳುಹಿಸಿದ್ದಾರೆ: ಹಾಡು ಹೇಳುವ ಪಾಟಿ ಕುರ್ಚಿ, ಕಮೋಡಿನ ಮೇಲಿಡುವ ಚಿಕ್ಕ ಸೀಟು, ಏಣಿ ಸಮೇತ ಬರುವ ಸೀಟು, ತರಬೇತಿ ಚಡ್ಡಿ, ಸ್ಟಿಕ್ಕರ್ ಅಂಟಿಸುವ ಚಾರ್ಟು. ನಮ್ಮ ಅತ್ತೆಯವರು, 'ನಾಲ್ಕು ಮಕ್ಕಳನ್ನ ಕಾಲ ಮೇಲೆ ಕೂರಿಸ್ಕೊಂಡೇ ಕಲಿಸೀನಿ, ಇದಕ್ಕೂ ದುಡ್ಡು ಸುರೀಬೇಕಾ?' ಎನ್ನುತ್ತಾರೆ. ಯಾರ ಮಾತು ಕೇಳಲಿ?
(ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ)

ಉತ್ತರ: ನಾದಿನಿಯವರ ಪಟ್ಟಿಗಿಂತ ಮೊದಲು ಅತ್ತೆಯವರ ಮಾತನ್ನು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅವರು ಮಾಡಿದ್ದರಲ್ಲಿ ಶರೀರಶಾಸ್ತ್ರವಿದೆ. ಹಿರಿಯರು ಕಾಲು ಚಾಚಿ ಕುಳಿತು ತಮ್ಮ ಎರಡು ಪಾದಗಳ ಮೇಲೆ ಮಗುವನ್ನು ಕುಕ್ಕರಗಾಲಿನಲ್ಲಿ ಕೂರಿಸಿಕೊಂಡಾಗ ಮಗುವಿನ ಮಂಡಿಗಳು ಸೊಂಟಕ್ಕಿಂತ ಮೇಲೆ ಬರುತ್ತವೆ, ಪಾದಗಳು ಗಟ್ಟಿಯಾಗಿ ಊರುತ್ತವೆ, ಬೆನ್ನಿಗೂ ಆಸರೆ ಸಿಗುತ್ತದೆ. ಗುದನಾಳವನ್ನು ಹಿಂದಿನಿಂದ ಬಳಸಿ ಮುಂದಕ್ಕೆ ಎಳೆದು ಹಿಡಿದಿರುವ ಸ್ನಾಯುಪಟ್ಟಿಯೊಂದಿದೆ. ನಿಂತಾಗ ಅದು ನಾಳವನ್ನು ಬಾಗಿಸಿ ಮಲವನ್ನು ತಡೆಯುತ್ತದೆ, ಕುಕ್ಕರಿಸಿದಾಗ ಸಡಿಲಗೊಂಡು ದಾರಿಯನ್ನು ನೇರ ಮಾಡುತ್ತದೆ. ಕಾಲು ಗಾಳಿಯಲ್ಲಿ ತೂಗಾಡುತ್ತಿದ್ದರೆ ಬೀಳುವ ಭಯದಿಂದ ಮಗು ತೊಡೆಯನ್ನು ಬಿಗಿ ಹಿಡಿಯುತ್ತದೆ, ತೊಡೆಯ ಜೊತೆಗೆ ಆ ಸ್ನಾಯುವೂ ಬಿಗಿಯುತ್ತದೆ. ಆದ್ದರಿಂದ ಯಾವ ಸಾಮಾನನ್ನೇ ನೋಡಿ, ಅದರ ಬಣ್ಣ, ಗೊಂಬೆ, ಹೆಸರು ಎಲ್ಲವನ್ನೂ ಬದಿಗಿಟ್ಟು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದರ ಮೇಲೆ ಕುಳಿತಾಗ ನನ್ನ ಮಗುವಿನ ಪಾದ ಊರುತ್ತದೆಯೇ?

ಹಾಗಿದ್ದರೂ ಅತ್ತೆಯವರ ಪದ್ಧತಿ ಅರ್ಧ ದಾರಿಯದು. ಅಲ್ಲಿ ಹೊತ್ತು ನೋಡುವವರು ದೊಡ್ಡವರು, 'ಶ್‌ಶ್' ಎಂದು ಸೂಚನೆ ಕೊಡುವವರು ದೊಡ್ಡವರು, ಬಟ್ಟೆ ಬಿಚ್ಚುವವರೂ ದೊಡ್ಡವರು. ತನಗೆ ಬಂದಿದೆ ಎಂದು ತಾನೇ ತಿಳಿದು, ಅದನ್ನು ಹೇಳಿ, ನಡೆದು ಹೋಗಿ, ಚಡ್ಡಿ ಜಾರಿಸಿ ಕೂರುವುದು ಮಗುವಿನ ಪಾಲಿನ ಉಳಿದರ್ಧ, ಮತ್ತು ಸಾಮಾನುಗಳು ನೆರವಾಗುವುದು ಇಲ್ಲಿಯೇ. ಇದಕ್ಕೆ ನಿಮ್ಮ ಮಗಳು ಸಿದ್ಧಳಾಗಿದ್ದಾಳೆಯೇ ಎಂಬುದನ್ನು ಮನೆಯಲ್ಲೇ ನೋಡಬಹುದು. ಹಗಲಿನಲ್ಲಿ ಎರಡು ಗಂಟೆಯಷ್ಟಾದರೂ ಡೈಪರ್ ಒಣಗಿರುತ್ತದೆಯೇ, ಮಲ ಬರುವಾಗ ಬಾಗಿಲ ಮರೆಗೋ ಮಂಚದ ಮಗ್ಗುಲಿಗೋ ಸರಿಯುತ್ತಾಳೆಯೇ, ಒದ್ದೆಯಾದರೆ ಮುಖ ಸಿಂಡರಿಸಿ ತೋರಿಸುತ್ತಾಳೆಯೇ, 'ಆ ಚೆಂಡು ತಗೊಂಡು ಬಾ' ಎಂದರೆ ತರುತ್ತಾಳೆಯೇ, ಚಡ್ಡಿಯನ್ನು ಕೆಳಗೆ ಎಳೆದುಕೊಳ್ಳಲು ಯತ್ನಿಸುತ್ತಾಳೆಯೇ ಎಂದು ಒಂದು ವಾರ ಗಮನಿಸಿ. ಹಲವು ಮಕ್ಕಳಲ್ಲಿ ಈ ಲಕ್ಷಣಗಳು 18ರಿಂದ 24 ತಿಂಗಳೊಳಗೆ ತೋರುತ್ತವೆ, ಕೆಲವರಲ್ಲಿ ಮೂರು ವರ್ಷದ ಹತ್ತಿರಕ್ಕೆ. ಅಮೆರಿಕದ ಮಕ್ಕಳ ವೈದ್ಯ ಟಿ. ಬೆರಿ ಬ್ರೇಜೆಲ್ಟನ್ ಅವರು 1,170 ಮಕ್ಕಳನ್ನು ಗಮನಿಸಿ 1962ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಮಗುವೇ ಸಿದ್ಧವಾಗುವ ತನಕ ಕಾದ ಆ ಮಕ್ಕಳು ಹಗಲಿನ ಹಿಡಿತವನ್ನು ಸರಾಸರಿ 28.5 ತಿಂಗಳಿಗೆ ಸಾಧಿಸಿದ್ದರು. ಪಕ್ಕದ ಮನೆಯ ಮಗು ಒಂದೂವರೆ ವರ್ಷಕ್ಕೇ ಕಲಿತಿತು ಎಂಬ ಮಾತು ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ, ಆಗ ಈ ಲೆಕ್ಕ ನೆನಪಿರಲಿ.

ಈಗ ಟೇಪು ತೆಗೆದುಕೊಳ್ಳಿ. ಮಗಳನ್ನು ಗೋಡೆಗೆ ಆನಿಸಿ ನಿಲ್ಲಿಸಿ, ಹಿಮ್ಮಡಿಯಿಂದ ಮಂಡಿಯ ಹಿಂಭಾಗದವರೆಗೆ ಅಳೆಯಿರಿ. ಅದು 8 ಅಂಗುಲ ಬಂದಿತೆಂದುಕೊಳ್ಳೋಣ. ನೆಲದ ಮೇಲಿಡುವ ಪಾಟಿಯಾದರೆ ಅದರ ಸೀಟು 8 ಅಂಗುಲಕ್ಕಿಂತ ಎತ್ತರವಿರಬಾರದು, ಒಂದೆರಡು ಅಂಗುಲ ತಗ್ಗಾಗಿದ್ದರೆ ಇನ್ನೂ ಒಳ್ಳೆಯದು. ಕಮೋಡಿನ ಮೇಲಿಡುವ ಚಿಕ್ಕ ಸೀಟಾದರೆ ಕಮೋಡಿನ ಎತ್ತರವನ್ನೂ ಅಳೆಯಿರಿ; ಅದು 16 ಅಂಗುಲವಿದ್ದರೆ ಕಾಲ ಕೆಳಗೆ 8 ಅಂಗುಲ ಅಥವಾ ತುಸು ಹೆಚ್ಚು ಎತ್ತರದ ಸ್ಟೂಲು ಬೇಕು. ನಮ್ಮ ಮನೆಗಳಲ್ಲಿರುವ ಊಟದ ಮಣೆ ಇದಕ್ಕೆ ತಗ್ಗಾಗುತ್ತದೆ, ಎರಡು ಮಣೆ ಪೇರಿಸುವುದಂತೂ ಬೇಡವೇ ಬೇಡ, ಜಾರುತ್ತದೆ. ಬಡಗಿಯ ಹತ್ತಿರ ಅಗಲ ತಳದ ಒಂದು ಮರದ ಸ್ಟೂಲು ಮಾಡಿಸಿ, ನಾಲ್ಕು ಕಾಲಿಗೂ ರಬ್ಬರ್ ಬುಡ ಹಾಕಿಸಿದರೆ ಅದು ಮುಂದೆ ಕೈತೊಳೆಯುವ ಬೇಸಿನ್ನಿಗೂ ಆಗುತ್ತದೆ. ಪಟ್ಟಿಯಲ್ಲಿರುವ ಎಲ್ಲ ಸಾಮಾನುಗಳಿಗಿಂತ ಹೆಚ್ಚು ವರ್ಷ ಬಾಳುವ ವಸ್ತು ಇದೇ ಎಂದು ನನ್ನ ಅಭಿಪ್ರಾಯ, ಆದರೆ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ.

22 ತಿಂಗಳ ಮಗುವಿಗೆ ನಾನು ಮೊದಲು ಹೇಳುವುದು ನೆಲದ ಮೇಲಿಡುವ ಸಾದಾ ಪಾಟಿ. (ನಮ್ಮ ಕಡೆ ಪಾಟಿ ಎಂದರೆ ಸ್ಲೇಟು, ಪಾಟಿಚೀಲ ಎಂದರೆ ಶಾಲೆಯ ಚೀಲ, 'ಮಗೂಗೆ ಪಾಟಿ ತಂದೆ' ಎಂದು ಸೊಸೆ ಹೇಳಿದಾಗ ಬಳಪ ಹುಡುಕಲು ಎದ್ದ ಅಜ್ಜಿಯೊಬ್ಬರನ್ನು ನಾನು ಬಲ್ಲೆ.) ಕೊಳ್ಳುವಾಗ ಅಂಗಡಿಯಲ್ಲೇ ಅದನ್ನು ನೆಲದ ಮೇಲಿಟ್ಟು ಒಂದು ಬದಿಯ ಅಂಚನ್ನು ಅಂಗೈಯಿಂದ ಒತ್ತಿ ನೋಡಿ, ಇನ್ನೊಂದು ಬದಿ ಮೇಲೆದ್ದರೆ ಬಿಟ್ಟುಬಿಡಿ. ಮಕ್ಕಳು ಕೂರುವುದು ನೆಟ್ಟಗಲ್ಲ, ವಾಲಿಕೊಂಡು. ಒಳಗಿನ ಬಟ್ಟಲು ಮೇಲಿನಿಂದ ಎತ್ತಿ ತೆಗೆಯುವಂತಿರಲಿ, ಹಿಂದಿನಿಂದ ಸೆಳೆಯುವ ಡ್ರಾಯರ್ ಮಾದರಿಯಲ್ಲಿ ಸಂದಿಗೆ ಹೋದದ್ದು ಅಲ್ಲೇ ಉಳಿದು ನಾರುತ್ತದೆ. ಸೀಟಿನ ಅಂಚು ನುಣುಪಾಗಿದೆಯೇ, ಅಚ್ಚಿನ ಗೆರೆ ಚುಚ್ಚುತ್ತದೆಯೇ ಎಂದು ಬೆರಳಾಡಿಸಿ ನೋಡಿ. ಇಂಥದು ಕೆಲವು ನೂರು ರೂಪಾಯಿಗಳಲ್ಲಿ ಸಿಗುತ್ತದೆ. ಮೆತ್ತನೆಯ ಹೊಲಿದ ಸೀಟು ನೋಡಲು ಚೆನ್ನ, ಆದರೆ ಹೊಲಿಗೆಯೊಳಗೆ ಮೂತ್ರ ಇಂಗಿದರೆ ನಮ್ಮ ಬೇಸಿಗೆಯಲ್ಲಿ ಎರಡೇ ದಿನಕ್ಕೆ ವಾಸನೆ ಹಿಡಿಯುತ್ತದೆ.

ಹಾಡು ಹೇಳುವ ಪಾಟಿ ಬೇಡ. ಮಗುವಿನ ಗಮನ ತನ್ನ ಹೊಟ್ಟೆಯೊಳಗೆ ಏನಾಗುತ್ತಿದೆ ಎಂಬುದರ ಮೇಲಿರಬೇಕಾದ ಹೊತ್ತಿಗೆ ಅದು ಗುಂಡಿ ಒತ್ತುವುದರಲ್ಲಿ ಮುಳುಗಿರುತ್ತದೆ, ಇದು ಒಂದು ಕಾರಣ. ಇನ್ನೊಂದು ಗಂಭೀರವಾದದ್ದು: ಇಂಥ ಆಟಿಕೆಗಳಲ್ಲಿ ಕೆಲವಕ್ಕೆ ಬಿಲ್ಲೆಯಾಕಾರದ ಬ್ಯಾಟರಿ ಇರುತ್ತದೆ, ಮಗು ಅದನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಟ್ಟ ಗಾಯ ಮಾಡಬಲ್ಲದು. ಯಾರಾದರೂ ಉಡುಗೊರೆಯಾಗಿ ಕೊಟ್ಟಿದ್ದರೆ ಬ್ಯಾಟರಿಯನ್ನು ತೆಗೆದು ಎಸೆದು, ಪಾಟಿಯನ್ನು ಮಾತ್ರ ಬಳಸಿ. ಏಣಿ ಇರುವ ಸೀಟು ನಮ್ಮ ಚಿಕ್ಕ ಬಚ್ಚಲುಮನೆಗಳಲ್ಲಿ ಜಾಗ ಹಿಡಿಯುತ್ತದೆ, ಪ್ರತಿಸಲ ಮಡಚಿ ತೆಗೆಯದಿದ್ದರೆ ದೊಡ್ಡವರು ಹೋಗುವಂತಿಲ್ಲ, ಒದ್ದೆ ನೆಲದ ಮೇಲೆ ಅಲುಗುತ್ತದೆ. ಕಮೋಡಿನ ಚಿಕ್ಕ ಸೀಟು ಕೊಳ್ಳುವ ಕಾಲ ಆರೆಂಟು ತಿಂಗಳ ಮೇಲೆ ಬರುತ್ತದೆ, ಆಗ ನಿಮ್ಮ ಕಮೋಡ್ ಉರುಟಾಗಿದೆಯೋ ಮೊಟ್ಟೆಯಾಕಾರವಿದೆಯೋ ನೋಡಿಕೊಂಡು, ಕೈಯಿಂದ ಅಲುಗಿಸಿದರೂ ಜರುಗದಂಥದನ್ನು ತನ್ನಿ. ಸ್ಟಿಕ್ಕರ್ ಚಾರ್ಟಿಗೆ ದುಡ್ಡು ಬೇಡ, ಹಳೆಯ ಕ್ಯಾಲೆಂಡರಿನ ಹಿಂಬದಿ ಸಾಕು.

ಪಾಟಿಯನ್ನು ತಂದ ದಿನವೇ ಬಚ್ಚಲಿಗೆ ಒಯ್ಯಬೇಡಿ. ಅವಳು ಆಡುವ ಪಡಸಾಲೆಯ ಮೂಲೆಯಲ್ಲಿಟ್ಟು, ಬಟ್ಟೆ ಹಾಕಿಕೊಂಡೇ ಕೂರಲಿ, ಗೊಂಬೆಯನ್ನು ಕೂರಿಸಲಿ. ಒಂದು ವಾರ ಕಳೆದ ಮೇಲೆ ಊಟವಾದ ಹತ್ತು ಹದಿನೈದು ನಿಮಿಷಕ್ಕೆ ಚಡ್ಡಿ ತೆಗೆದು ಕೂರಿಸಿ. ಹೊಟ್ಟೆಗೆ ಆಹಾರ ಬಿದ್ದಾಗ ದೊಡ್ಡ ಕರುಳು ಚುರುಕಾಗುವುದು ದೇಹದ ಸಹಜ ಕ್ರಮ. ಐದು ನಿಮಿಷಕ್ಕಿಂತ ಹೆಚ್ಚು ಕೂರಿಸಬೇಡಿ. ಕಲಿತಂತೆಲ್ಲ ಪಾಟಿ ಬಚ್ಚಲ ಕಡೆಗೆ ಸರಿಯಲಿ. ಜೊತೆಗೆ ಕುಳಿತು 'ಶ್‌ಶ್' ಎನ್ನುವ ಕೆಲಸವನ್ನು ಅತ್ತೆಯವರಿಗೇ ಬಿಟ್ಟುಕೊಡಿ, ಅದರಲ್ಲಿ ಅವರಿಗಿರುವ ಅನುಭವ ನಿಮ್ಮ ನಾದಿನಿಗೂ ಇಲ್ಲ, ನನಗೂ ಇಲ್ಲ.

ಪ್ರಶ್ನೆ: ಮೊಮ್ಮಗನಿಗೆ ಎರಡೂವರೆ ವರ್ಷ. ಮಗ ಸೊಸೆ ಬೆಂಗಳೂರಿನಲ್ಲಿ ದುಡಿಯುತ್ತಾರೆ, ಮಗು ನನ್ನ ಹತ್ತಿರ ಇದೆ. ನಮ್ಮ ಪಾಯಿಖಾನೆ ಅಂಗಳದ ಆಚೆ ಇದೆ. ಅದರ ಗುಂಡಿ ಕಂಡರೆ ಚೀರುತ್ತಾನೆ. ಹಿತ್ತಿಲಲ್ಲಿ ಕೂರಿಸಿದರೆ ಸಲೀಸಾಗಿ ಮಾಡುತ್ತಾನೆ. ಪೇಟೆಯ ಪಾಟಿ ತರಿಸಬೇಕೇ?
(ಅಜ್ಜಿಯೊಬ್ಬರು, ಚಳ್ಳಕೆರೆ ತಾಲ್ಲೂಕು)

ಉತ್ತರ: ಅಮ್ಮಾ, ಅವನ ಹೆದರಿಕೆ ನ್ಯಾಯವಾದದ್ದು. ಇಂಡಿಯನ್ ಪ್ಯಾನಿನಲ್ಲಿ ಕಾಲಿಡುವ ಜಾಗ ದೊಡ್ಡವರ ಕಾಲಿನ ಅಗಲಕ್ಕೆ ಮಾಡಿದ್ದು. ಎರಡೂವರೆ ವರ್ಷದ ಮಗು ಅಷ್ಟು ಅಗಲಕ್ಕೆ ಕಾಲು ಹಾಕಿ ಕುಕ್ಕರಿಸಿದರೆ ಹಿಂದಕ್ಕೆ ವಾಲುತ್ತದೆ, ಕೆಳಗೆ ಕತ್ತಲ ಗುಂಡಿ ಕಾಣುತ್ತದೆ. ಹಿತ್ತಿಲಲ್ಲಿ ಸಲೀಸಾಗುವುದು ಅಲ್ಲಿ ಪಾದ ಊರುವುದರಿಂದ.

ಪಾಟಿ ತರಿಸಿದರೆ ಒಳ್ಳೆಯದು, ತರಿಸದಿದ್ದರೂ ನಡೆಯುತ್ತದೆ. ಜಗಲಿಯ ಮೂಲೆಯಲ್ಲಿ ಅವನ ಕಾಲಿಗೆ ಹೊಂದುವ ಅಂತರದಲ್ಲಿ ಎರಡು ಚಪ್ಪಟೆ ಇಟ್ಟಿಗೆಗಳನ್ನು ಅಲುಗದಂತೆ ಕೂರಿಸಿ, ನಡುವೆ ದಪ್ಪ ಕಾಗದವನ್ನೋ ಹಳೆಯ ಅಗಲ ತಟ್ಟೆಯನ್ನೋ ಇಡಿ. ಕುಕ್ಕರಗಾಲಿನಲ್ಲಿ ಕೂರುವ ಅವನ ಅಭ್ಯಾಸ ತಪ್ಪುವುದಿಲ್ಲ, ಮೂರು ವರ್ಷಕ್ಕೆ ಅಂಗನವಾಡಿಗೆ ಹೋದಾಗಲೂ ಅದೇ ಉಪಯೋಗಕ್ಕೆ ಬರುತ್ತದೆ. ಆದರೆ ಹಿತ್ತಿಲಲ್ಲಿ ಮಾಡಿಸಿ ಮಣ್ಣು ಎಳೆದುಬಿಡುವುದನ್ನು ಮಾತ್ರ ನಿಲ್ಲಿಸಿ. ಮಕ್ಕಳ ಮಲ ನಿರುಪದ್ರವಿ ಎಂದು ನಮ್ಮಲ್ಲಿ ಒಂದು ನಂಬಿಕೆಯಿದೆ. ಅದು ನಿಜವಲ್ಲ, ಜಂತುಹುಳುವಿನ ಮೊಟ್ಟೆಗಳೂ ಭೇದಿಯ ರೋಗಾಣುಗಳೂ ಅದರಿಂದಲೇ ಮನೆಯವರೆಲ್ಲರಿಗೆ ಹರಡುತ್ತವೆ. ಪ್ರತಿಸಲವೂ ಮಲವನ್ನು ಪ್ಯಾನಿಗೆ ಹಾಕಿ, ನೀರು ಸುರಿಯುವಾಗ ಅವನನ್ನೂ ಕರೆದುಕೊಂಡು ಹೋಗಿ, ಕೊನೆಯ ಒಂದು ಚೊಂಬು ನೀರನ್ನು ಅವನ ಕೈಯಿಂದಲೇ ಹಾಕಿಸಿ. ತಾನೇ ನೀರು ಹಾಕುವ ಗುಂಡಿಗೆ ಮಕ್ಕಳು ಬಹಳ ದಿನ ಹೆದರುವುದಿಲ್ಲ. ಪಾಯಿಖಾನೆಯಲ್ಲಿ ಒಂದು ಬಲ್ಬ್ ಇಲ್ಲದಿದ್ದರೆ ಹಾಕಿಸಿ. ಪಾಟಿಗೆ ಕೊಡುವ ದುಡ್ಡಿಗಿಂತ ಇದು ಹೆಚ್ಚು ಸಾರ್ಥಕ.

ಒಂದು ಎಚ್ಚರಿಕೆ. ನಿಮ್ಮ ಭಾಗದಲ್ಲಿ ನೀರು ಹಿಡಿದಿಡದೆ ಸಂಸಾರ ನಡೆಯುವುದಿಲ್ಲ, ಪಾಯಿಖಾನೆಯ ಬಾಗಿಲಲ್ಲೇ ಡ್ರಮ್ಮು, ಬಕೆಟ್ಟು ತುಂಬಿಟ್ಟಿರುತ್ತೀರಿ. ಈ ವಯಸ್ಸಿನ ಮಗು ತಲೆ ಮುಂದಾಗಿ ಬಕೆಟ್ಟಿಗೆ ಬಿದ್ದರೆ ಮೇಲೇಳಲಾರದು, ಕೆಲವೇ ಅಂಗುಲ ನೀರು ಸಾಕು. ಡ್ರಮ್ಮಿಗೆ ಬಿಗಿಯಾದ ಮುಚ್ಚಳ ಹಾಕಿಸಿ, ಬಕೆಟ್ಟನ್ನು ಬಳಸಿದ ಮೇಲೆ ಬೋರಲು ಹಾಕಿ, ಬಾಗಿಲ ಚಿಲಕವನ್ನು ಹೊರಗಡೆ ಅವನ ಕೈಗೆಟುಕದ ಎತ್ತರಕ್ಕೆ ಇಡಿಸಿ.

ಪ್ರಶ್ನೆ: ನಮ್ಮ ಮಗನಿಗೆ ಎರಡು ವರ್ಷ ಒಂಬತ್ತು ತಿಂಗಳು. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಜೂನ್ ತಿಂಗಳಲ್ಲಿ ಸೇರಿಸಬೇಕೆಂದಿರುವ ಶಿಶುವಿಹಾರದವರು ಡೈಪರ್ ಇಲ್ಲದೆ ಕಳುಹಿಸಬೇಕು ಎಂದಿದ್ದಾರೆ. ಚಡ್ಡಿಯಂತೆ ಎಳೆದು ಹಾಕುವ ಡೈಪರ್ ಬಳಸಿ ಎರಡು ತಿಂಗಳಾಯಿತು, ಅವನಿಗೆ ಏನೂ ವ್ಯತ್ಯಾಸ ತಿಳಿದಂತಿಲ್ಲ. ಹತ್ತಿಯ ತರಬೇತಿ ಚಡ್ಡಿ ಕೊಳ್ಳಬೇಕೇ, ಎಷ್ಟು? ನಮ್ಮ ಬಡಾವಣೆಗೆ ನಲ್ಲಿ ನೀರು ನಾಲ್ಕೈದು ದಿನಕ್ಕೊಮ್ಮೆ.
(ತಂದೆಯೊಬ್ಬರು, ಚಿತ್ರದುರ್ಗ)

ಉತ್ತರ: ಚಡ್ಡಿಯಂತೆ ಎಳೆದು ಹಾಕುವ ಡೈಪರ್ ಕೂಡ ಡೈಪರೇ. ಅದರ ಒಳಗಿರುವ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಹರಳುಗಳು ಮೂತ್ರವನ್ನು ಕ್ಷಣದಲ್ಲಿ ಹೀರಿ ಲೋಳೆಯಾಗುತ್ತವೆ, ಚರ್ಮಕ್ಕೆ ತಾಗುವ ಪದರ ಒಣಗಿಯೇ ಇರುತ್ತದೆ. ದೂರದ ಪ್ರಯಾಣಕ್ಕೆ ಇದು ವರ. ಕಲಿಯುವ ಮಗುವಿಗೆ ತೊಡಕು, ಏಕೆಂದರೆ 'ನನಗೆ ಬಂತು, ಬಿಟ್ಟೆ, ಒದ್ದೆಯಾಯಿತು' ಎಂಬ ಮೂರು ಸಂಗತಿಗಳಲ್ಲಿ ಮೂರನೆಯದನ್ನೇ ಅದು ಅಳಿಸಿಹಾಕುತ್ತದೆ. ನಿಮ್ಮ ಮಗ ಮಂದನಲ್ಲ, ಅವನಿಗೆ ಸುದ್ದಿಯೇ ಮುಟ್ಟುತ್ತಿಲ್ಲ.

ನಡುವೆ ದಪ್ಪ ಪದರ ಹೊಲಿದ ಹತ್ತಿಯ ತರಬೇತಿ ಚಡ್ಡಿ ಒಂದು ಸಲದ ಮೂತ್ರವನ್ನು ನೆಲಕ್ಕೆ ಹರಿಯದಂತೆ ಬಹುಮಟ್ಟಿಗೆ ತಡೆಯುತ್ತದೆ, ಆದರೆ ಒದ್ದೆ ಚರ್ಮಕ್ಕೆ ತಿಳಿಯುತ್ತದೆ. ಅಂಥವು ಮೂರು ನಾಲ್ಕು ಸಾಕು, ಹೊರಗೆ ಹೋಗುವಾಗ ಹಾಕಲು. ಮನೆಯಲ್ಲಿ ಸಾದಾ ತೆಳುವಾದ ಹತ್ತಿ ಚಡ್ಡಿಗಳೇ ಉತ್ತಮ, ಮೊದಲ ವಾರಕ್ಕೆ ಹತ್ತು ಹನ್ನೆರಡು ಇರಲಿ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಹೆಸರಾಗಿದ್ದ ದಾವಣಗೆರೆ ನಿಮಗೆ ನೆರೆಯಲ್ಲೇ ಇದೆ, ಆನ್‌ಲೈನಿನಲ್ಲಿ ಒಂದು ತರಬೇತಿ ಚಡ್ಡಿಗೆ ಕೊಡುವ ಬೆಲೆಗೆ ಪೇಟೆಯಲ್ಲಿ ಸಾದಾ ಚಡ್ಡಿಗಳು ಹಲವು ಬರುತ್ತವೆ. ಈಗಿನ ಅಳತೆಗಿಂತ ಒಂದು ಸೈಜು ದೊಡ್ಡದನ್ನು ಕೊಳ್ಳಿ, ಸೊಂಟದಲ್ಲಿ ಸಡಿಲ ಎಲಾಸ್ಟಿಕ್ ಇರಲಿ. ಗುಂಡಿ, ಜಿಪ್ಪು, ಭುಜಕ್ಕೆ ಪಟ್ಟಿ ಇರುವ ಉಡುಪುಗಳು ಮೂರು ತಿಂಗಳು ಬೀರುವಿನಲ್ಲೇ ಇರಲಿ. ಓಡಿ ಬಂದರೂ ಬಿಚ್ಚಲಾಗದೆ ಅಲ್ಲೇ ಆಗಿಹೋಗುವ ಅವಮಾನ ಮಗುವಿಗೆ ಬೇಡ. ಉಡಿದಾರಕ್ಕೆ ಲಂಗೋಟಿ ಸಿಕ್ಕಿಸುತ್ತಿದ್ದ ಕಾಲದಲ್ಲೂ ಇದೇ ಕೊರತೆ ಇತ್ತು, ಮಗುವಿಗೆ ತಾನೇ ಬಿಚ್ಚಲು ಬರುತ್ತಿರಲಿಲ್ಲ.

ನೀರಿನ ಮಾತು. ಡೈಪರ್ ಒಂದಕ್ಕೆ ಹತ್ತು ರೂಪಾಯಿ, ದಿನಕ್ಕೆ ಐದು ಎಂದು ಹಿಡಿದರೂ ತಿಂಗಳಿಗೆ 1,500 ರೂಪಾಯಿ ಆಗುತ್ತದೆ, ಅದರ ಬದಲಿಗೆ ಕೆಲವು ವಾರ ಒಗೆತ ಹೆಚ್ಚುತ್ತದೆ. ಮೂತ್ರದ ಚಡ್ಡಿಗಳನ್ನು ಒಂದೊಂದಾಗಿ ಜಾಲಿಸಬೇಡಿ. ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು, ಮನೆಯ ಬಟ್ಟೆ ಒಗೆದ ಮೇಲೆ ಉಳಿಯುವ ಕೊನೆಯ ಜಾಲಿಸಿದ ನೀರಿನಲ್ಲಿ ಒಮ್ಮೆ ಹಿಂಡಿ, ನಂತರ ಹೊಸ ನೀರು ಮತ್ತು ಸೋಪಿನಲ್ಲಿ ಒಟ್ಟಿಗೆ ಒಗೆಯಿರಿ. ಬಟ್ಟೆಗೆ ಪರಿಮಳ ಕೊಡುವ ಸಾಫ್ಟನರ್ ಹಾಕಬೇಡಿ, ಅದು ಹತ್ತಿಯ ಹೀರುವ ಗುಣವನ್ನು ಕುಗ್ಗಿಸುತ್ತದೆ. ಒಣಗುವ ಚಿಂತೆಯನ್ನು ನಾನು ಮಾಡುವುದಿಲ್ಲ. ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿ ನಿಮ್ಮೂರಿನದು.

ಗಂಡುಮಗುವಾದ್ದರಿಂದ ಮೊದಲು ಕೂತೇ ಕಲಿಯಲಿ, ನಿಲ್ಲುವುದು ಆಮೇಲೆ. ಪಾಟಿಯ ಮುಂದೆ ಮೂತ್ರ ಚಿಮ್ಮದಂತೆ ಎದ್ದ ತಡೆ ಮೆತ್ತನೆಯದಾಗಿ, ತೆಗೆದಿಡಲು ಬರುವಂತಿರಲಿ. ಗಟ್ಟಿ ಪ್ಲಾಸ್ಟಿಕ್ಕಿನದಾದರೆ ಕೂರುವಾಗ ಏಳುವಾಗ ತಾಗಿ ಗೀರುತ್ತದೆ, ಒಮ್ಮೆ ನೋವಾದರೆ ಮತ್ತೆ ಅದರ ಹತ್ತಿರ ಸುಳಿಯುವುದಿಲ್ಲ. ಜೂನ್ ತಿಂಗಳ ಗಡುವಿನ ಬಗ್ಗೆ ಮಗುವಿನ ಎದುರಿಗೆ ಮಾತಾಡಬೇಡಿ. ಇಬ್ಬರಿಗೂ ರಜೆ ಇರುವ ಮೂರು ದಿನ ನೋಡಿ ಹಗಲಿನ ಡೈಪರನ್ನು ಪೂರ್ತಿ ಬಿಟ್ಟುಬಿಡಿ, ಒಮ್ಮೆ ಹಾಕುವುದು ಒಮ್ಮೆ ಬಿಡುವುದು ಮಾಡಬೇಡಿ. ಒಂದು ವಾರದ ನಂತರವೂ ಅವನು ದಿನವಿಡೀ ಅಳುತ್ತಿದ್ದರೆ ಒಂದು ತಿಂಗಳು ನಿಲ್ಲಿಸಿ. ಸೇರಿಸುವ ಮೊದಲು ಶಿಶುವಿಹಾರಕ್ಕೆ ಹೋಗಿ ಶೌಚಾಲಯವನ್ನು ನೋಡಿ ಬನ್ನಿ, ಅಲ್ಲಿ ಇಂಡಿಯನ್ ಪ್ಯಾನ್ ಇದ್ದರೆ ಮನೆಯಲ್ಲೂ ಕುಕ್ಕರಿಸುವ ಅಭ್ಯಾಸವನ್ನು ಸೇರಿಸಿ, ಚೀಲದಲ್ಲಿ ಎರಡು ಜೊತೆ ಬಟ್ಟೆ ಇಡಿ, ಬಂದ ಕೂಡಲೇ ಮತ್ತು ತಿಂಡಿಯ ನಂತರ ಅವನನ್ನು ಕರೆದೊಯ್ಯಲು ಆಯಾಗೆ ಹೇಳಿ.

ಪ್ರಶ್ನೆ: ಮೂರು ವರ್ಷದ ಮಗಳು ಮೂತ್ರಕ್ಕೆ ಚೆನ್ನಾಗಿ ಹೇಳುತ್ತಾಳೆ. ಎರಡಕ್ಕೆ ಮಾತ್ರ ಡೈಪರ್ ಬೇಕೆಂದು ಹಟ, ಅದನ್ನು ಹಾಕಿಸಿಕೊಂಡು ಬಾಗಿಲ ಹಿಂದೆ ನಿಂತು ಮಾಡುತ್ತಾಳೆ. ಮೂರು ನಾಲ್ಕು ದಿನಕ್ಕೊಮ್ಮೆ, ಗಟ್ಟಿಯಾಗಿ, ಅಳುತ್ತ. ಎರಡು ಬಗೆಯ ಪಾಟಿ ತಂದು ನೋಡಿದ್ದಾಯಿತು. ಇದಕ್ಕಿಂತ ಒಳ್ಳೆಯದು ಯಾವುದು?
(ತಾಯಿಯೊಬ್ಬರು, ಹೊಳಲ್ಕೆರೆ)

ಉತ್ತರ: ಮೂರನೆಯ ಪಾಟಿಯನ್ನು ತರಬೇಡಿ. ತೊಂದರೆ ಪಾಟಿಯಲ್ಲಿಲ್ಲ, ಮಲದಲ್ಲಿದೆ.

ಒಮ್ಮೆ ಗಟ್ಟಿ ಮಲ ಬಂದು ನೋವಾದ ಮಗು ಮುಂದಿನ ಸಲ ಬಂದಾಗ ತಡೆಯುತ್ತದೆ. ತಡೆದಷ್ಟೂ ದೊಡ್ಡ ಕರುಳು ಅದರಲ್ಲಿನ ನೀರನ್ನು ಹೀರುತ್ತದೆ, ಮಲ ಇನ್ನೂ ಗಟ್ಟಿಯಾಗಿ, ದಪ್ಪವಾಗಿ, ಮತ್ತೆ ನೋವು ಕೊಟ್ಟೇ ಹೊರಬರುತ್ತದೆ. ಕಾಲನ್ನು ಕತ್ತರಿ ಹಾಕಿ, ತುದಿಗಾಲಲ್ಲಿ ನಿಂತು, ಮುಖ ಕೆಂಪಗೆ ಮಾಡಿಕೊಳ್ಳುವುದನ್ನು ನೋಡಿ ಮಗು ಮುಕ್ಕುತ್ತಿದೆ ಎಂದು ತಾಯಂದಿರು ತಿಳಿಯುತ್ತಾರೆ, ಅನೇಕ ಸಲ ಅದು ತಡೆಯುತ್ತಿರುವ ಭಂಗಿ. ಡೈಪರ್ ಹಾಕಿ ನಿಂತಾಗ ಅವಳಿಗೆ ತಿಳಿದ, ಭಯವಿಲ್ಲದ ಒಂದು ಸ್ಥಿತಿ ಸಿಗುತ್ತದೆ. ಅದನ್ನು ಕಸಿದುಕೊಂಡರೆ ಇನ್ನಷ್ಟು ದಿನ ತಡೆಯುತ್ತಾಳೆ.

ಮೊದಲು ಮಲ ಮೆತ್ತಗಾಗಬೇಕು. ದಿನಕ್ಕೆ ಎಷ್ಟು ಹಾಲು ಕುಡಿಯುತ್ತಾಳೆ ಎಂದು ಅಳೆಯಿರಿ. ಲೀಟರ್‌ಗಟ್ಟಲೆ ಹಾಲು ಕುಡಿದು ಊಟ ಬಿಡುವ ಮಕ್ಕಳನ್ನು ನಮ್ಮ ಹೈನಿನ ಹಳ್ಳಿಗಳಲ್ಲಿ ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ, 500 ಮಿಲಿಲೀಟರ್ ಮೀರುವುದು ಬೇಡ. ಕಳಿತ ಪಪ್ಪಾಯಿ, ಸೀಬೆ, ರಾತ್ರಿ ನೆನೆಸಿದ ಒಣದ್ರಾಕ್ಷಿ, ಸೊಪ್ಪಿನ ಸಾರು, ಸಿಪ್ಪೆ ಸಹಿತದ ಕಾಳು ದಿನವೂ ಏನಾದರೊಂದು ಇರಲಿ. ಬಿಸ್ಕತ್ತು ಮತ್ತು ಮೈದಾದ ತಿನಿಸನ್ನು ಹಿಂದಕ್ಕೆ ಸರಿಸಿ. ಇಷ್ಟರಿಂದಲೇ ಸರಿಹೋಗುವ ಹಂತವನ್ನು ನಿಮ್ಮ ಮಗಳು ದಾಟಿದಂತೆ ಪತ್ರದಿಂದ ತೋರುತ್ತದೆ, ಆದ್ದರಿಂದ ತಾಲ್ಲೂಕು ಆಸ್ಪತ್ರೆಯಲ್ಲಿ ಅಥವಾ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ತೋರಿಸಿ. ಮಲವನ್ನು ಮೆತ್ತಗೆ ಮಾಡುವ ಔಷಧವನ್ನು ಹಲವು ತಿಂಗಳು ಕೊಡಬೇಕಾಗುವುದು ಸಾಮಾನ್ಯ; ಎರಡು ದಿನ ಸಲೀಸಾಯಿತೆಂದು ನೀವೇ ನಿಲ್ಲಿಸಬೇಡಿ. ಸೋಪಿನ ಚೂರನ್ನೋ ಎಣ್ಣೆ ಹಚ್ಚಿದ ವೀಳ್ಯದೆಲೆಯ ತೊಟ್ಟನ್ನೋ ಗುದಕ್ಕೆ ತುರುಕುವ ರೂಢಿಯನ್ನು ಯಾರೇ ಹೇಳಿದರೂ ಮಾಡಬೇಡಿ. ಮೊದಲೇ ಹೆದರಿದ ಜಾಗ ಅದು, ಸೋಪು ಉರಿಸುತ್ತದೆ, ತೊಟ್ಟು ಗೀರುತ್ತದೆ. ಮಲದಲ್ಲಿ ರಕ್ತ ಕಂಡರೆ, ಹೊಟ್ಟೆ ಉಬ್ಬಿ ವಾಂತಿಯಾದರೆ, ತೂಕ ಏರದಿದ್ದರೆ, ಹುಟ್ಟಿದಂದಿನಿಂದಲೇ ಹೀಗಿದ್ದರೆ ಅಥವಾ ಗೊತ್ತಿಲ್ಲದೆ ಚಡ್ಡಿಗೆ ತೆಳ್ಳಗೆ ಸೋರುತ್ತಿದ್ದರೆ ತಡ ಮಾಡಬೇಡಿ.

ನೋವಿಲ್ಲದೆ ಕೆಲವು ವಾರ ಕಳೆದ ಮೇಲೆ ಡೈಪರಿನ ಕಡೆಗೆ ಬನ್ನಿ. ಡೈಪರ್ ಹಾಕಿಕೊಂಡೇ ಮಾಡಲಿ, ಆದರೆ ಬಾಗಿಲ ಹಿಂದೆ ಅಲ್ಲ, ಬಚ್ಚಲಲ್ಲಿ. ಅದು ರೂಢಿಯಾದ ಮೇಲೆ ಡೈಪರ್ ಹಾಕಿಕೊಂಡೇ ಪಾಟಿಯ ಮೇಲೆ ಕೂತು ಮಾಡಲಿ. ಅದಾದ ಮೇಲೆ ಡೈಪರಿನ ತಳಕ್ಕೆ ಕತ್ತರಿಯಿಂದ ಒಂದು ತೂತು ಮಾಡಿ, ದಿನ ಕಳೆದಂತೆ ಆ ತೂತನ್ನು ದೊಡ್ಡದು ಮಾಡುತ್ತ ಹೋಗಿ. ನಗು ಬರುವ ಉಪಾಯ, ಆದರೆ ಬಹಳ ಮಕ್ಕಳಿಗೆ ಫಲಿಸಿದೆ. ತೊಳೆಯುವಾಗ ಮುಂದಿನಿಂದ ಹಿಂದಕ್ಕೆ ತೊಳೆಯಿರಿ, ಹೆಣ್ಣುಮಕ್ಕಳಲ್ಲಿ ಮೂತ್ರದ ಸೋಂಕಿನ ಅಪಾಯ ತಗ್ಗುತ್ತದೆ.

ಪ್ರಶ್ನೆ: ಮೂರೂವರೆ ವರ್ಷದ ಮಗ ಹಗಲು ಒಮ್ಮೆಯೂ ತಪ್ಪುವುದಿಲ್ಲ, ರಾತ್ರಿ ಮಾತ್ರ ಹಾಸಿಗೆ ಒದ್ದೆ ಮಾಡುತ್ತಾನೆ. ಒದ್ದೆಯಾದರೆ ಗಂಟೆ ಬಾರಿಸುವ ಅಲಾರಂ ಬರುತ್ತದಂತೆ, ತರಿಸಲೇ?
(ಹರಿಹರ)

ಉತ್ತರ: ಬೇಡ. ರಾತ್ರಿಯ ಹಿಡಿತ ಕಲಿಸಿ ಬರುವಂಥದಲ್ಲ. ನಿದ್ರೆಯಲ್ಲಿ ಮೂತ್ರದ ಪ್ರಮಾಣವನ್ನು ತಗ್ಗಿಸುವ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನ್ ರಾತ್ರಿ ಹೊತ್ತು ಸಾಕಷ್ಟು ಸ್ರವಿಸಬೇಕು, ಮೂತ್ರಕೋಶ ತುಂಬಿದ ಸಂದೇಶಕ್ಕೆ ಮೆದುಳು ಎಚ್ಚರಗೊಳ್ಳಬೇಕು. ಎರಡೂ ಬೆಳವಣಿಗೆಯ ಕೆಲಸ. ಐದು ವರ್ಷದವರೆಗೆ ಇದನ್ನು ದೋಷವೆಂದು ಎಣಿಸುವುದೇ ಇಲ್ಲ, ಅಲಾರಂ ಅದಕ್ಕಿಂತ ದೊಡ್ಡ ಮಕ್ಕಳಿಗೆ. ನಿಮಗೆ ಬೇಕಾದದ್ದು ಮೇಲ್ಭಾಗದಲ್ಲಿ ಹತ್ತಿ, ಕೆಳಗೆ ನೀರು ತಡೆಯುವ ಪದರ ಇರುವ ಎರಡು ಹಾಸುಗಳು. ಬರಿಯ ರಬ್ಬರ್ ಶೀಟಿನ ಮೇಲೆ ಮಲಗಿದರೆ ಬೆವರುತ್ತಾನೆ. ಒಂದು ಹಾಸು, ಅದರ ಮೇಲೆ ದುಪ್ಪಟಿ, ಮತ್ತೆ ಇನ್ನೊಂದು ಹಾಸು, ಮೇಲೆ ಇನ್ನೊಂದು ದುಪ್ಪಟಿ ಹೀಗೆ ಪದರವಾಗಿ ಹಾಸಿಟ್ಟರೆ ನಡುರಾತ್ರಿ ಮೇಲಿನ ಜೋಡಿಯನ್ನು ಎಳೆದು ಬಿಸಾಕಿ ಮತ್ತೆ ಮಲಗಬಹುದು. ಅಜ್ಜಿ ಹೊಲಿದ ಕೌದಿಯನ್ನು ಮಾತ್ರ ಅವನ ಕೆಳಗೆ ಹಾಸಬೇಡಿ, ಒಗೆದರೆ ಮೂರು ದಿನವಾದರೂ ಒಣಗುವುದಿಲ್ಲ. ಆರು ತಿಂಗಳು ಒಣಗಿದ್ದು ಮತ್ತೆ ಶುರುವಾದರೆ ಅಥವಾ ಉರಿಮೂತ್ರ, ವಿಪರೀತ ಬಾಯಾರಿಕೆ ಇದ್ದರೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಡೈಪರ್ ಬಿಡಿಸಿ ಎರಡೇ ವಾರವಾಗಿದೆ. ಮುಂದಿನ ವಾರ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಬೇಕು. ಮತ್ತೆ ಡೈಪರ್ ಹಾಕಿದರೆ ಕಲಿತದ್ದು ಮರೆತುಹೋಗುತ್ತದೆಯೇ?
(ನಿಟುವಳ್ಳಿ, ದಾವಣಗೆರೆ)

ಉತ್ತರ: ಒಂದು ದಿನಕ್ಕೆ ಮರೆಯುವುದಿಲ್ಲ. 260 ಕಿಲೋಮೀಟರ್‌ನಷ್ಟು ದಾರಿ, ಬಸ್ಸು ನೀವು ಕೇಳಿದಲ್ಲಿ ನಿಲ್ಲುವುದಿಲ್ಲ. ಡೈಪರ್ ಹಾಕಿ, 'ಇದು ಬಸ್ಸಿನ ಚಡ್ಡಿ' ಎಂದು ಬೇರೆ ಹೆಸರು ಕೊಡಿ, ಬಸ್ಸು ನಿಂತಲ್ಲೆಲ್ಲ ಬಿಚ್ಚಿ ಒಂದಕ್ಕೆ ಕೂರಿಸಿ, ಇಳಿದ ಕೂಡಲೇ ತೆಗೆದುಬಿಡಿ. ಮಡಚುವ ಪ್ರಯಾಣದ ಪಾಟಿ ಸ್ವಂತ ಕಾರಿನಲ್ಲಿ ಹೋಗುವವರಿಗೆ ಅನುಕೂಲ. ಬಸ್ಸಿನ ಸೀಟುಗಳ ನಡುವೆ ಅದನ್ನು ಬಿಡಿಸಿಡಲು ಜಾಗವೇ ಇರುವುದಿಲ್ಲ. ಬಳಸಿದ ಡೈಪರನ್ನು ಕಾಗದದಲ್ಲಿ ಬಿಗಿಯಾಗಿ ಸುತ್ತಿ ಕಸದ ತೊಟ್ಟಿಗೇ ಹಾಕಿ, ಕಿಟಕಿಯಿಂದ ಎಸೆಯಬೇಡಿ.

ಪ್ರಶ್ನೆ: ಪಾಟಿಯನ್ನು ಯಾವುದರಿಂದ ತೊಳೆಯಬೇಕು? ನಾನು ಟಾಯ್ಲೆಟ್ ಆಸಿಡ್ ಹಾಕಿ, ವಾಸನೆ ಹೋಗಲಿ ಎಂದು ಮೇಲೆ ಸ್ವಲ್ಪ ಬ್ಲೀಚಿಂಗ್ ಪೌಡರ್ ಉದುರಿಸುತ್ತೇನೆ. ಕಣ್ಣು ಉರಿಯುತ್ತದೆ.
(ಹೊಸದುರ್ಗ)

ಉತ್ತರ: ಇಂದೇ ನಿಲ್ಲಿಸಿ. ಆಸಿಡ್ಡಿಗೆ ಬ್ಲೀಚಿಂಗ್ ಪೌಡರ್ ಸೇರಿದರೆ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಕಣ್ಣು ಉರಿದದ್ದು ಅದರಿಂದಲೇ, ಬಾಗಿಲು ಮುಚ್ಚಿದ ಬಚ್ಚಲಲ್ಲಿ ಅದು ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯವೂ ಆಗಬಹುದು. ಪಾಟಿಗೆ ಈ ಎರಡರಲ್ಲಿ ಯಾವುದೂ ಬೇಡ. ಒಳಗಿದ್ದದ್ದನ್ನು ಶೌಚಾಲಯಕ್ಕೆ ಸುರಿದು, ಬಟ್ಟೆ ಒಗೆಯುವ ಸೋಪಿನ ನೀರು ಮತ್ತು ಅದಕ್ಕೇ ಮೀಸಲಾದ ಬ್ರಷ್‌ನಿಂದ ಉಜ್ಜಿ, ತೊಳೆದು, ಬಿಸಿಲಿಗೆ ಬೋರಲು ಹಾಕಿ. ಆಮೇಲೆ ನಿಮ್ಮ ಕೈಯನ್ನೂ ಮಗುವಿನ ಕೈಯನ್ನೂ ಸೋಪಿನಿಂದ ತೊಳೆಯಿರಿ. ಆಸಿಡ್ ಬಾಟಲಿ ಬಚ್ಚಲ ನೆಲದ ಮೇಲಿದ್ದರೆ, ಪಾಟಿ ಬಳಸಲು ಮಗು ಒಂಟಿಯಾಗಿ ಅಲ್ಲಿಗೆ ಹೋಗತೊಡಗುವ ಮೊದಲೇ, ಅದನ್ನು ಬೀಗವಿರುವ ಕಪಾಟಿಗೆ ಸಾಗಿಸಿ.